ಮೂರೂವರೆ ಗಂಟೆ ಮುಂದಿನ ಅಣ್ಣ

"ಆಗಾಗ ನಿಂತುಬಿಡುತ್ತೆ, ಸರಿ ಮಾಡು. ಟೈಮು ಮಾತ್ರ ನಮ್ಮೂರಿನದೇ ಇಡು," ಎಂದು ಅಣ್ಣ ಕೈಗಡಿಯಾರ ಬಿಚ್ಚಿ, ರಿಪೇರಿ ಅಂಗಡಿಯಲ್ಲಿ ಕೂತಿದ್ದ ತಂಗಿಯ ಮೇಜಿನ ಮೇಲಿಟ್ಟ.

ನಮ್ಮೂರು ಎಂದರೆ ಹುಟ್ಟಿದ ಈ ಊರಲ್ಲ, ಅವನು ದುಡಿಯುತ್ತಿರುವ ಮೂಡಣದ ಮಹಾನಗರ. ಅಲ್ಲಿ ಗಂಟೆ ಇಲ್ಲಿಗಿಂತ ಮೂರೂವರೆ ತಾಸು ಮುಂದೆ. ರಜೆಗೆ ಬಂದು ವಾರವಾದರೂ ಅಣ್ಣ ಮುಳ್ಳು ತಿರುಗಿಸಿರಲಿಲ್ಲ. ಕೋಳಿ ಕೂಗುವ ಮೊದಲೇ ಎದ್ದು ತಂಗಿಯನ್ನು ಎಬ್ಬಿಸುತ್ತಿದ್ದ, ತಿಂಡಿಯ ಹೊತ್ತಿಗೆ ಊಟ ಕೇಳುತ್ತಿದ್ದ, ಸಂಜೆಯಾಗುತ್ತಲೇ ಗೊರಕೆ ಹೊಡೆಯುತ್ತಿದ್ದ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ.

ತಂಗಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂದಿನ ಮುಚ್ಚಳ ತೆರೆದಳು. ಅದು ಅಪ್ಪನ ವಾಚು. ಅಣ್ಣ ದೂರದೇಶಕ್ಕೆ ಹೊರಟ ದಿನ ಅಪ್ಪ ಇದೇ ಅಂಗಡಿಯಲ್ಲಿ ತನ್ನ ಕೈಯಿಂದ ಬಿಚ್ಚಿ ಅವನ ಕೈಗೆ ಕಟ್ಟಿದ್ದ. ರಿಪೇರಿಯಾದ ಗಡಿಯಾರ ಅಂಗಡಿಯ ಗೋಡೆ ಗಡಿಯಾರದ ಟೈಮು ಹಿಡಿದೇ ಹೊಸಿಲು ದಾಟಬೇಕು ಎನ್ನುವುದು ಅಪ್ಪ ಹಾಕಿಕೊಟ್ಟ ನಿಯಮ. ಅಪ್ಪ ಹೋದಮೇಲೂ ತಂಗಿ ಅದನ್ನು ಮುರಿದಿರಲಿಲ್ಲ.

"ಅಲ್ಲಿ ಇದನ್ನ ಒಬ್ಬರೂ ಮುಟ್ಟಲಿಲ್ಲ ಕಣೇ," ಎಂದ ಅಣ್ಣ, ಅದೂ ಹೆಮ್ಮೆಯ ವಿಷಯವೆಂಬಂತೆ. "ಕೆಟ್ಟರೆ ಎಸೆದು ಹೊಸದು ತಗೋತಾರೆ. ರೈಲು ಒಂದು ನಿಮಿಷ ತಡವಾದ್ರೆ ಕ್ಷಮೆ ಕೇಳ್ತಾರೆ. ಇಲ್ಲಿ? 'ಈಗ ಬಂದೆ' ಅಂದವನು ಸಂಜೆಗೆ ಬರ್ತಾನೆ."

"ಬರ್ತಾನಲ್ಲ! ಬಂದು, ಕೂತು, ಕಷ್ಟಸುಖ ಮಾತಾಡಿ ಹೋಗ್ತಾನೆ. ನಿಮ್ಮಲ್ಲಿ ಪಕ್ಕದ ಮನೆಯವರ ಮುಖ ನೋಡಿದ್ದೀಯಾ?"

"ಅವರಿಗೆಲ್ಲಿ ಪುರುಸೊತ್ತು?" ಎಂದು ಅಣ್ಣ ಬೀದಿಯ ಕಡೆ ತಿರುಗಿದ.

ಅಷ್ಟರಲ್ಲಿ ಪಕ್ಕದ ಮೊಬೈಲ್ ಅಂಗಡಿಯವನು ಹಲ್ಲು ಕಿರಿಯುತ್ತ ಬಾಗಿಲಲ್ಲಿ ನಿಂತ. "ಬೀಗದ ಕೈ ಇವತ್ತೇ ಕೊಡ್ತೀನಿ ಅಂದಿದ್ರಲ್ಲ ಸಾರ್, ಅದಕ್ಕೇ ಬಂದೆ."

ತಂಗಿಯ ಚಿಮಟ ನಿಂತಿತು. ಅಣ್ಣ ಗಂಟಲು ಸರಿಮಾಡಿಕೊಂಡ. "ಹೇಳೋಣ ಅಂತಲೇ ಇದ್ದೆ. ಅಂಗಡಿ ಇವರಿಗೆ ಮಾರಿಬಿಡೋಣ. ನೀನು ನನ್ನ ಜೊತೆ ಹೊರಡು. ನಿಮ್ಮತ್ತಿಗೆ ಕೆಲಸಕ್ಕೆ ಹೋಗ್ತಾಳೆ, ಮಕ್ಕಳನ್ನ ನೋಡ್ಕೊಳ್ಳೋಕೆ ಒಂದು ಜನ ಬೇಕು. ಈ ತೂಕಡಿಸೋ ಊರಲ್ಲಿ ಇನ್ನೆಷ್ಟು ದಿನ ಹಳೇ ಗಡಿಯಾರ ಕೆರೀತಾ ಕೂತಿರ್ತೀಯ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅಪ್ಪ ಹಾಸಿಗೆ ಹಿಡಿದಾಗಿನಿಂದ ಈ ಬಾಗಿಲು ತೆರೆದವಳು ಅವಳು, ಮುಚ್ಚಿದವಳೂ ಅವಳೇ.

"ಅಂಗಡಿ ಇಬ್ಬರ ಹೆಸರಲ್ಲಿದೆ. ನನ್ನನ್ನ ಒಂದು ಮಾತು ಕೇಳದೆ ನನ್ನ ಅನ್ನದ ದಾರಿ ಮಾರೋಕೆ ಹೊರಟ್ಯಾ? ಸೂರ್ಯ ಅಲ್ಲಿ ಮೊದಲು ಹುಟ್ತಾನೆ, ನಿಜ. ಮೊದಲು ಮುಳುಗೋದೂ ಅಲ್ಲೇ. ಅದರಲ್ಲಿ ನಿನ್ನ ಹೆಚ್ಚುಗಾರಿಕೆ ಏನಿದೆ? ಮಕ್ಕಳನ್ನ ರಜೆಗೆ ಕಳಿಸು, ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ. ನಾನು ಬರಲ್ಲ. ಅಂಗಡೀನೂ ಕೊಡಲ್ಲ." ಆಮೇಲೆ ಬಾಗಿಲ ಕಡೆ ತಿರುಗಿದಳು. "ನೀವು ಹೋಗಿ ಸ್ವಾಮಿ. ನಿಮ್ಮ ಅಂಗಡೀಲಿ ಗಿರಾಕಿ ಕಾಯ್ತಿದ್ದಾರೆ."

ಮೊಬೈಲ್‌ನವನು ಅಣ್ಣನ ಮುಖ ನೋಡಿದ, ತಂಗಿಯ ಮುಖ ನೋಡಿದ, ಮೆಲ್ಲಗೆ ಜಾಗ ಖಾಲಿ ಮಾಡಿದ.

ತಂಗಿ ಮತ್ತೆ ತಲೆ ಬಗ್ಗಿಸಿದಳು. ಚಕ್ರದ ಹಲ್ಲಿಗೆ ಸಿಕ್ಕಿದ್ದ ಕೂದಲೆಳೆ ತೆಗೆದಳು, ಎಣ್ಣೆ ಮುಟ್ಟಿಸಿದಳು, ಕೀ ಕೊಟ್ಟಳು. ವಾಚು ಟಿಕ್ ಟಿಕ್ ಎಂದಿತು. ಗೋಡೆಯ ಗಡಿಯಾರ ನೋಡಿಕೊಂಡು, ಅಣ್ಣನ ಎದುರಿಗೇ, ಅಂಗಡಿಯ ಟೈಮಿಗೆ ಮುಳ್ಳು ತಿರುಗಿಸಿ ಅವನ ಅಂಗೈಯಲ್ಲಿಟ್ಟಳು.

ಅಣ್ಣನ ಬೆರಳು ತಾನಾಗಿಯೇ ಮುಳ್ಳು ತಿರುಗಿಸುವ ಕೀಲಿಯ ಕಡೆ ಹೋಯಿತು.

"ಹೊಸಿಲು ದಾಟಿದ ಮೇಲೆ ಎಷ್ಟು ಬೇಕಾದ್ರೂ ಮುಂದಕ್ಕೆ ತಿರುಗಿಸ್ಕೋ," ಎಂದಳು. "ಆದ್ರೆ ಒಂದು ಮಾತು ಹೇಳಿ ಹೋಗು. ಈ ಅಂಗಡಿ ಮುಚ್ಚಿದ್ರೆ, ಮುಂದಿನ ಸಲ ಅಪ್ಪನ ವಾಚು ನಿಂತಾಗ ಎಲ್ಲಿಗೆ ತರ್ತೀಯ?"