ಮೂರು ಚುಕ್ಕಿ

"ಮೂರು ಚುಕ್ಕಿ ಟ್ರೇ ಯಾರದೈತ್ರೀ?" ಎಂದು ಬೇಕರಿಯ ಬುಡನ್ ಸಾಬ್ ಎರಡನೇ ಸಲ ಕೂಗಿದಾಗಲೇ ಮೆಹರೀನಳಿಗೆ ತನ್ನ ತಪ್ಪು ಹೊಳೆದದ್ದು. ದುಪಟ್ಟಾದ ತುದಿ ಮುಟ್ಟಿ ನೋಡಿಕೊಂಡಳು. ಅತ್ತೆ ಬೆಳಿಗ್ಗೆ ಕೊಟ್ಟ ಕಬ್ಬಿಣದ ನಟ್ಟು ಗಂಟಿನಲ್ಲಿ ಹಾಗೇ ಇತ್ತು.

ರಂಜಾನ್ ಹಬ್ಬಕ್ಕೆ ಇನ್ನೆರಡೇ ದಿನ. ಕೊಟ್ಟೂರಿನ ಆ ಓಣಿಯವರೆಲ್ಲ ಮನೆಯಲ್ಲಿ ನಾನ್‌ಖಟಾಯಿಗೆ ಹಿಟ್ಟು ನಾದಿ, ಬಿಲ್ಲೆ ತಟ್ಟಿ, ಬೇಯಿಸಲು ಇದೇ ಭಟ್ಟಿಗೆ ತರುತ್ತಾರೆ. ಹಬ್ಬದ ದಿನ ತಟ್ಟೆಗಳು ಮನೆಯಿಂದ ಮನೆಗೆ ಓಡಾಡುತ್ತವೆ. ಭಟ್ಟಿಯಲ್ಲಿ ಅದಲುಬದಲಾಗದಿರಲೆಂದು ಬಿಲ್ಲೆಗಳ ಮೇಲೆ ಒಂದೊಂದು ಮನೆಗೆ ಒಂದೊಂದು ಗುರುತು. ತಮ್ಮ ಮೆಕ್ಯಾನಿಕ್ ಗಂಡ ತೀರಿಕೊಂಡ ಮೇಲೂ ಅತ್ತೆ ಹಮೀದಾ ಬೀ ಆತನ ನಟ್ಟನ್ನು ಬಿಲ್ಲೆಯ ಮೇಲೆ ಒತ್ತಿ ಗುರುತು ಮಾಡುವುದನ್ನು ಬಿಟ್ಟಿರಲಿಲ್ಲ. ಮೆಹರೀನಳಿಗೆ ಮದುವೆಯಾದ ಮೇಲೆ ಇದು ಮೊದಲ ರಂಜಾನ್. ಅವಳ ಕೈ ಮಾತ್ರ, ಅವಳನ್ನು ಕೇಳದೆಯೇ, ಬೆಂಕಿಕಡ್ಡಿಯಿಂದ ಹಡಗಲಿಯ ತವರಿನ ಮೂರು ಚುಕ್ಕಿಯನ್ನು ಒತ್ತಿಬಿಟ್ಟಿತ್ತು.

"ನಮ್ಮ ಓಣ್ಯಾಗ ಈ ಗುರ್ತಿನ ಮನಿ ಯಾವುದೂ ಇಲ್ಲಲ್ರೀ," ಎಂದಳು ತನ್ನ ಟ್ರೇಗಾಗಿ ಕಾಯುತ್ತಿದ್ದ ಪಕ್ಕದ ಮನೆಯ ಸಿಮ್ರಾನ.

"ಮರ್ತುಬಿಟ್ಟೆ ಅಮ್ಮಿ..." ಮೆಹರೀನ ಪಕ್ಕದಲ್ಲೇ ನಿಂತಿದ್ದ ಅತ್ತೆಗೆ ತಲೆ ಎತ್ತದೆ ಹೇಳಿದಳು.

ಹಮೀದಾ ಬೀ ಬಿಸಿ ನಾನ್‌ಖಟಾಯಿ ಒಂದನ್ನು ಎತ್ತಿಕೊಂಡರು. ರೋಜಾ ಉಪವಾಸ ಇದ್ದುದರಿಂದ ತಿನ್ನುವಂತಿರಲಿಲ್ಲ. ಮೂಸಿ ನೋಡಿದರು, ಮೂರು ಚುಕ್ಕಿಯ ಮೇಲೆ ಮೆಲ್ಲಗೆ ಹೆಬ್ಬೆರಳು ಆಡಿಸಿದರು.

"ಯಾಕಿಲ್ಲವ್ವ, ಐತಿ," ಎಂದರು ಸಿಮ್ರಾನಳಿಗೆ. ಆಮೇಲೆ ಭಟ್ಟಿಯ ಕಡೆ ತಿರುಗಿದರು. "ಬುಡನ್ ಭಾಯಿ, ಇತ್ತ ಕೊಡ್ರಿ. ಮುಂದಿನ ವರ್ಷಾನೂ ಮೂರು ಚುಕ್ಕಿ ಕಂಡ್ರ, ಹಮೀದಾನ ಮನಿ ಅಂತ ಕೂಗ್ರಿ."