ಅರ ಹಾಕದ ಕೀಲಿ

“ಭಾವ, ನೀವು ತುಟಿ ಪಿಟಕ್ಕನ್ಬೇಡಿ. ಏನು ಕೇಳಿದ್ರೂ ಸುಮ್ಮನಿರೋದು ನಿಮ್ಮ ಹಕ್ಕು,” ಎಂದು ಕೀಲಿ ಮಾಡುವವನಿಗೆ ಅವನ ಹೆಂಡತಿಯ ತಮ್ಮ ಠಾಣೆಯ ಬೆಂಚಿನ ಮೇಲೆ ಮೂರನೇ ಸಲ ಪಿಸುಗುಟ್ಟಿದ. ಅವನು ತಲೆಯಾಡಿಸಿದ.

ಇನ್‌ಸ್ಪೆಕ್ಟರ್ ಬಂದು ಮೇಜಿನ ಮೇಲೆ ಹಿತ್ತಾಳೆಯ ಕೀಲಿಯೊಂದನ್ನು ಇಟ್ಟರು. “ಔಷಧಿ ಗೋದಾಮು ದೋಚಿದ್ದು ಈ ನಕಲಿ ಕೀಲಿಯಿಂದ. ಮೇಲೆ ನಿಮ್ಮ ಅಂಗಡಿ ಮುದ್ರೆ ಇದೆ. ಊರ ಬೀಗ ಎಲ್ಲ ತೆಗೀತೀರಿ, ನಿಮ್ಮ ಬಾಯಿಗೆ ಯಾವ ಕೀಲಿ ಹಾಕ್ಬೇಕು ಯಜಮಾನ್ರೇ?”

ಕೀಲಿ ಮಾಡುವವನು ಅದರ ಹಲ್ಲುಗಳ ಮೇಲೆ ಹೆಬ್ಬೆರಳಾಡಿಸಿದ. ಚುರುಕ್ಕೆಂದು ಗೀರಿತು. ಹೊಸ ಕೀಲಿಗೆ ಅರ ಹಾಕಿ ನುಣ್ಣಗೆ ಮಾಡದೆ ಅವನು ಗಿರಾಕಿಯ ಕೈಗೆ ಕೊಟ್ಟದ್ದೇ ಇಲ್ಲ. ತಾನು ಊಟಕ್ಕೆ ಮನೆಗೆ ಹೋದಾಗ ಅಂಗಡಿಯಲ್ಲಿ ಕೂರುವವನು ಒಬ್ಬನೇ ಒಬ್ಬ. ‘ಬೀಗ ತೆಗೆದ್ರೆ ಸಾಕಲ್ವಾ, ಇಷ್ಟು ನಾಜೂಕು ಯಾಕೆ ಭಾವ’ ಎಂದು ನಗುವವನೂ ಅವನೇ. ಸುಮ್ಮನಿದ್ದರೆ ಜೈಲು ತನಗೆ. ಬಾಯಿಬಿಟ್ಟರೆ ಹೆಂಡತಿಗೆ ಯಾವ ಮುಖ ತೋರಿಸುವುದು?

“ನಾನು ಸುಮ್ಮನಿದ್ರೆ ಯಾರಿಗೆ ಒಳ್ಳೇದಪ್ಪಾ?” ಎಂದು ಪಕ್ಕಕ್ಕೆ ತಿರುಗಿ ಮೆಲ್ಲಗೆ ಕೇಳಿದ.

“ನಿಮಗೇ ಭಾವ, ಇನ್ಯಾರಿಗೆ?” ಎಂದ ಹೆಂಡತಿಯ ತಮ್ಮ, ಕೀಲಿಯ ಕಡೆ ನೋಡದೆ.

“ನಾನು ಮಾತಾಡ್ತೀನಿ ಸಾರ್.”

ಹೆಂಡತಿಯ ತಮ್ಮ ಎದ್ದು ಬಾಗಿಲ ಕಡೆ ನಡೆದ. ಅಲ್ಲಿದ್ದ ಪೇದೆ ಸ್ಟೂಲು ಎಳೆದು ಹೊಸ್ತಿಲಿಗೆ ಅಡ್ಡ ಹಾಕಿ ಕೂತ.