ಕೊಳವೆ ತೆಗೆದ ಮಧ್ಯಾಹ್ನ

“ಇವತ್ತು ತೆಗೆದುಬಿಡೋಣ,” ಎಂದರು ಡಾಕ್ಟರು. ಮಗುವಿನ ಬಾಯಿಂದ ಗಂಟಲೊಳಗೆ ಇಳಿದಿದ್ದ ಉಸಿರಿನ ಕೊಳವೆಯ ಮಾತದು. ಹಿಂದಿನ ವಾರ ಯಂತ್ರ ಕೊಡುವ ಉಸಿರನ್ನು ಕಡಿಮೆ ಮಾಡುತ್ತ ಬಂದಾಗ ಕೂಸು ಸುಸ್ತಾಗಿ ನೀಲಿಗಟ್ಟಿತ್ತು.

“ಆಗ್ಲಿಲ್ಲ ಅಂದ್ರೆ, ಸಿಸ್ಟರ್?” ತಾಯಿ ಪಿಸುಗುಟ್ಟಿದಳು.

“ಮತ್ತೆ ಹಾಕ್ತೀವಿ. ಆದ್ರೆ ಹಾಕಿದಷ್ಟೂ ಅದಕ್ಕೇ ಕಷ್ಟ ಕಣಮ್ಮ.” ಸಿಸ್ಟರ್ ಗಾಜಿನ ಪೆಟ್ಟಿಗೆಯೊಳಗೆ ಬಗ್ಗಿದರು. “ಏನೇ ಇಲಿಮರಿ, ಬಾಡಿಗೆ ಉಸಿರು ಸಾಕಾಗ್ಲಿಲ್ವಾ? ಇನ್ನು ಸ್ವಂತದ್ದು ಶುರು ಮಾಡು.”

ತಾಯಿಗೆ ತನ್ನ ಅಮ್ಮ ನೆನಪಾದಳು. ಕಿಟಕಿಯ ಬಿಸಿಲಲ್ಲಿ ಕೂರಿಸಿಕೊಂಡು, ಒದ್ದೆ ತಲೆಯ ಸಿಕ್ಕು ಬಿಡಿಸುತ್ತ ಹೇಳುತ್ತಿದ್ದಳು: “ನೀನು ಹುಟ್ಟಿದಾಗ ಹೇಗೆ ಕಿರುಚಿದ್ದೆ ಗೊತ್ತಾ! ಹೊರಗೆ ನಿಂತಿದ್ದ ನಿಮ್ಮಪ್ಪನ ಕೈಯಿಂದ ಚಹಾ ಲೋಟ ಬಿದ್ದೇಹೋಯ್ತು.” ಒಳಕೋಣೆಯಿಂದ ಅಪ್ಪನ ತಕರಾರು: “ಲೋಟ ಬೀಳ್ಲಿಲ್ಲ ಕಣೇ, ಚಹಾ ಚೆಲ್ತು ಅಷ್ಟೆ.” ಎಷ್ಟು ಸಲ ಕೇಳಿದರೂ ಸಾಲದು, ಇನ್ನೊಮ್ಮೆ ಹೇಳೆಂದು ಅಮ್ಮನ ಮೊಣಕಾಲು ಅಲುಗಿಸುತ್ತಿದ್ದಳು.

ಹೇಳುತ್ತಿದ್ದವಳು ಈಗಿಲ್ಲ. ಮುಂದೆ ಮಗಳಿಗೆ ಹೇಳೋಣವೆಂದರೆ ತನ್ನಲ್ಲಿ ಏನಿದೆ? ಹೆರಿಗೆಯ ಆಪರೇಷನ್ನಿನ ಅರಿವಳಿಕೆಯಿಂದ ತಾನು ಎಚ್ಚರಾಗುವಷ್ಟರಲ್ಲೇ ಮಗುವಿನ ಗಂಟಲಿಗೆ ಕೊಳವೆ ಬಿದ್ದಿತ್ತು. ಅದು ಇರುವಷ್ಟು ದಿನ ದನಿ ಹೊರಡುವುದಿಲ್ಲ. ಮುಖ ಕಿವುಚಿ, ಬಾಯಿ ತೆರೆದು ಮಗಳು ಅಳುವುದನ್ನು ಅವಳು ನೋಡಿದ್ದಳೇ ಹೊರತು ಕೇಳಿರಲಿಲ್ಲ.

ಕೆನ್ನೆಯ ಅಂಟುಪಟ್ಟಿಯನ್ನು ನೆನೆಸಿ ಮೆಲ್ಲಗೆ ಬಿಡಿಸಿದರು. ಕೊಳವೆ ಹೊರಬಂತು. ಮೂಗಿಗೆ ಆಮ್ಲಜನಕದ ಸಣ್ಣ ನಳಿಕೆ ಕೂತಿತು. ಇಷ್ಟು ದಿನ ಬುಸುಗುಡುತ್ತಿದ್ದ ಯಂತ್ರ ಸುಮ್ಮನಾಯಿತು.

ತಾಯಿಯ ಕಣ್ಣು ಮಾನಿಟರಿನ ಪರದೆಗೆ ಅಂಟಿಕೊಂಡಿತು. ಈ ಕೋಣೆಗೆ ಬಂದ ಮೇಲೆ ಮಗುವಿನ ಮುಖಕ್ಕಿಂತ ಅಲ್ಲಿನ ಅಂಕಿಗಳನ್ನು ಓದುವುದೇ ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಆಮ್ಲಜನಕದ ಅಂಕಿ ಇಳಿಯಿತು. ಇನ್ನೂ ಇಳಿಯಿತು.

“ಮರೀಬೇಡ ಕಂದ, ಉಸಿರಾಡು,” ಎನ್ನುತ್ತ ಸಿಸ್ಟರ್ ಎರಡು ಬೆರಳಲ್ಲಿ ಬೆನ್ನು ನೀವಿದರು. ಅಂಕಿ ತಡವರಿಸಿ ನಿಂತಿತು, ನಿಧಾನಕ್ಕೆ ಮೇಲೇರತೊಡಗಿತು. ಡಾಕ್ಟರು ಕಟ್ಟಿಕೊಂಡಿದ್ದ ತೋಳು ಸಡಿಲಿಸಿದರು.

ಆಗ ಸಿಸ್ಟರ್ ಬೆರಳ ಕೆಳಗೆ ಪುಟ್ಟ ಬೆನ್ನು ನಡುಗಿತು. ಎಣ್ಣೆ ಕಾಣದ ಬಾಗಿಲಿನಂಥ ಕೀರಲು ದನಿಯೊಂದು ಎದ್ದಿತು, ಮುರಿಯಿತು, ಮತ್ತೆ ಎದ್ದಿತು.

ತಾಯಿ ಪರದೆಯಿಂದ ಕಣ್ಣು ಕೀಳಲಿಲ್ಲ.

“ಪಾಪ, ಯಾರದೋ ಮಗು ಅಳ್ತಿದೆ ಸಿಸ್ಟರ್,” ಎಂದಳು. “ಹೋಗಿ ನೋಡಿ, ಇದರ ಹತ್ರ ನಾನಿರ್ತೀನಿ.”